ನಲವತ್ತು ಪಾಠ, ಒಂದೇ ಕೈಯ ಸಹಿ

ಬೆಳಗಿನಿಂದ ಇದು ಮೂರನೆಯ ಸಲ ನಿಮ್ಮ ಕಚೇರಿಯವರು ಫೋನ್ ಕುಕ್ಕಿದ್ದು, ಮಾನ್ಯ ಶಿಕ್ಷಣಾಧಿಕಾರಿಗಳೇ. ಇಲ್ಲಿ ಗೋವಾದಲ್ಲಿ ನಮ್ಮ ಮೇಸ್ತ್ರಿ ಕೊಟ್ಟ ಅರ್ಧ ದಿನದ ಬಿಡುವು ಅದರಲ್ಲೇ ಮುಗಿಯಿತು. ಆದ್ದರಿಂದ ಊರೆಲ್ಲ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ: ಮುಂಡಗೋಡ ತಾಲೂಕಿನ ನಮ್ಮ ಲಂಬಾಣಿ ತಾಂಡಾದಲ್ಲಿ ಒಂಬತ್ತು ವರ್ಷ ಒಬ್ಬಳೇ ಶಾಲೆ ನಡೆಸಿದ ನನ್ನ ಅಕ್ಕ ತುಳಜಾಳಿಗೆ ನೀವು ಶಿಕ್ಷಕಿಯ ಪ್ರಮಾಣಪತ್ರ ಕೊಡುತ್ತಿಲ್ಲ. ಅವಳ ಅಪರಾಧವೇನೆಂದು ನಿಮ್ಮ ಗುಮಾಸ್ತರ ಬಾಯಲ್ಲೇ ಕೇಳಿ.

“ನಿಮ್ಮ ಅಕ್ಕಾರು ತಮ್ಮ ಪಾಠಕ್ಕ ತಾವ ಸಹಿ ಹಾಕ್ಯಾರಲ್ರೀ. ಹಂಗ ನಡೀತೈತೇನು? ಮುಖ್ಯೋಪಾಧ್ಯಾಯರು ನೋಡಿ ಹಾಕಬೇಕು.”

“ಆ ಸಾಲ್ಯಾಗ ಇದ್ದಾಕಿ ಆಕಿ ಒಬ್ಬಾಕೀನ ರೀ. ಮುಖ್ಯೋಪಾಧ್ಯಾಯರೂ ಆಕೀನ.”

“ಹಂಗಾರ ಬ್ಯಾರೆ ಯಾರನ್ನರ ಹಿಡೀಬೇಕಿತ್ತು, ತಮ್ಮಾ.”

ಹೌದು, ಹಿಡಿಯಬೇಕಿತ್ತು. ಅಂಚೆ ಮೂಲಕ ತರಬೇತಿ ಪಡೆಯುವವರು ನಲವತ್ತು ಪಾಠ ಮಾಡಿ ತೋರಿಸಬೇಕು, ಪ್ರತಿಯೊಂದರ ಕೆಳಗೂ ಮುಖ್ಯೋಪಾಧ್ಯಾಯರ ಅಭಿಪ್ರಾಯ ಮತ್ತು ಸಹಿ ಇರಬೇಕು ಎಂದಿರಿ. ‘ಮುಖ್ಯೋಪಾಧ್ಯಾಯರಿಗೆ’ ಎಂದು ನೀವೇ ಕಳಿಸಿದ ಸುತ್ತೋಲೆಗಳನ್ನು ಒಂಬತ್ತು ವರ್ಷ ಒಡೆದು ಓದಿದ್ದ ಆ ದಡ್ಡಿ ನಿಮ್ಮ ಮಾತು ನಂಬಿಬಿಟ್ಟಳು. ಹಗಲೆಲ್ಲ ಪಾಠ ಮಾಡಿದಳು. ಮಕ್ಕಳು ಹೋದ ಮೇಲೆ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕೂತು ತನ್ನನ್ನೇ ಪರೀಕ್ಷಿಸಿದಳು. ಇಪ್ಪತ್ತಮೂರನೆಯ ಪಾಠದ ಕೆಳಗೆ ಏನು ಬರೆದಿದ್ದಾಳೆ, ನೋಡಿದಿರಾ? ‘ಹಿಂದಿನ ಸಾಲಿಗೆ ಧ್ವನಿ ಮುಟ್ಟಲಿಲ್ಲ. ಪಾಠ ಸಮಾಧಾನಕರವಲ್ಲ.’ ತನ್ನನ್ನು ತಾನೇ ಫೇಲು ಮಾಡಿಕೊಂಡ ಒಬ್ಬರನ್ನಾದರೂ ನಿಮ್ಮ ಇಲಾಖೆಯಲ್ಲಿ ಕಂಡಿದ್ದೀರಾ? ಅಂಥ ಪ್ರಾಣಿಯನ್ನು ಒಳಗೆ ಬಿಟ್ಟುಕೊಳ್ಳಲು ನಿಮಗೆ ಹೆದರಿಕೆಯಾಗಿರಬೇಕು.

ಅವಳನ್ನು ಇಳಿಸಿ ನೀವು ಕಳಿಸಿದ ಗುರುಗಳದ್ದೂ ಅಂಚೆಯ ಪ್ರಮಾಣಪತ್ರವೇ. ಮುಖ್ಯೋಪಾಧ್ಯಾಯರಾಗಿದ್ದ ಅವರ ಸೋದರಮಾವ ಒಂದೇ ಸಂಜೆ, ಒಂದೇ ಪೆನ್ನಿನಲ್ಲಿ, ನಲವತ್ತು ಸಲ ‘ಉತ್ತಮ’ ಎಂದು ಬರೆದು ಸಹಿ ಹಾಕಿದರಂತೆ. ಗುರುಗಳೇ ನಗುತ್ತ ಹೇಳಿಕೊಳ್ಳುತ್ತಾರೆ. ಸಣ್ಣ ಮಕ್ಕಳಿಗೆ ಲಂಬಾಣಿ ಬಿಟ್ಟು ಬೇರೆ ಮಾತು ಬಾರದು. ಗುರುಗಳಿಗೆ ಲಂಬಾಣಿಯೇ ಬಾರದು. ಅಕ್ಕ ಈಗ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅದಕ್ಕೆ ನಿಮ್ಮ ಕಾಗದ ಬೇಡವಲ್ಲ. ದಿನಾ ಹನ್ನೊಂದಕ್ಕೆ ಗುರುಗಳು ಅಡುಗೆಕೋಣೆಗೆ ಇಣುಕುತ್ತಾರೆ:

“ತುಳಜಾಬಾಯಿ, ಅನ್ನ ಕುದಿಯೂತನಕ ಒಂದೀಟು ಬರ್ರಿ. ನಾ ಏನ್ ಹೇಳಾಕತ್ತೇನಿ ಅಂತ ಇವಕ್ಕ ತಿಳಿಸಿ ಹೇಳ್ರಿ.”

ಅವಳು ಸೌಟು ಹಿಡಿದೇ ಹೋಗುತ್ತಾಳೆ. ಕಳೆದ ತಿಂಗಳು ನಿಮ್ಮ ತಪಾಸಣೆಯವರು ಬಂದರು. ಮಕ್ಕಳ ಓದು ಕೇಳಿ ಗುರುಗಳ ಬೆನ್ನು ತಟ್ಟಿದರು. ಅಕ್ಕನಿಗೂ ಒಂದು ಅಭಿಪ್ರಾಯ ಸಿಕ್ಕಿತು: “ಸಾರಿಗೆ ಉಪ್ಪು ಕಡಿಮಿ ಆಗೈತಿ ನೋಡವಾ.”

ನಾನೂ ಅವಳ ಮೊದಲ ವರ್ಷದ ಮಕ್ಕಳಲ್ಲೊಬ್ಬ. ಪ್ರಮಾಣಪತ್ರ ಇಲ್ಲದವಳು ಕಲಿಸಿದ ಅಕ್ಷರ ನಿಮಗೆ ಅಮಾನ್ಯವಾದರೆ ಈ ಪತ್ರವನ್ನು ನೀವು ಓದಲೇಬಾರದಿತ್ತು. ಓದಿ ಮೈ ಉರಿದಿದ್ದರೆ, ಅವಳ ಪಾಠ ನಿಮ್ಮ ಸಾಲಿಗೂ ಮುಟ್ಟಿದೆ.

ಪಾಠದ ಪುಸ್ತಕವನ್ನು ತಿದ್ದಿ ಒಪ್ಪಿಸಲು ಈ ತಿಂಗಳ ಕೊನೆಯ ದಿನವೇ ಗಡುವು. ಅದು ದಾಟಿದರೆ ವಯಸ್ಸು ಮೀರಿ ಅವಳಿಗೆ ನೇಮಕಾತಿಯ ಬಾಗಿಲು ಮುಚ್ಚುತ್ತದೆ. ಯಾರಿಂದಾದರೂ ಸುಳ್ಳು ಸಹಿ ಹಾಕಿಸಿ ತಾ ಎಂದು ನಾನೆಂದರೆ, “ನೋಡಲಾರದ ಹೆಂಗ ಬರೀತಾರೋ, ಹರ್ಯಾ?” ಎನ್ನುತ್ತಾಳೆ. ಹಾಗಾದರೆ ನೋಡುವವರನ್ನೇ ಕಳಿಸಿ. ಹತ್ತು ದಿನ ಹಿಂದಿನ ಸಾಲಿನಲ್ಲಿ ಕೂರಲಿ, ನಲವತ್ತೂ ಪಾಠ ನೋಡಿ ಸಹಿ ಹಾಕಲಿ. ಇಪ್ಪತ್ತಮೂರನೆಯದು ಬೇಕಾದರೆ ಫೇಲೇ ಇರಲಿ. ಅದೊಂದರಲ್ಲಿ ಅವಳಿಗೂ ನಿಮಗೂ ಒಮ್ಮತವಿದೆ.

ಇಂತಿ,
ಅಮಾನ್ಯ ಅಕ್ಷರಗಳಲ್ಲಿ ಬರೆದ,
ಹರೀಶ, ಗಾರೆ ಕೆಲಸದವನು, ವಾಸ್ಕೋ

ನಮ್ಮ ಕೆಲಸದ ಜಾಗದ ಎದುರಿನ ಎಸ್‌ಟಿಡಿ ಬೂತಿನ ನಂಬರನ್ನು ನಿಮ್ಮ ಗುಮಾಸ್ತರಿಗೆ ಮೂರು ಸಲ ಬರೆಸಿದ್ದೇನೆ. ಸಂಜೆ ಏಳರಿಂದ ಏಳೂವರೆಯವರೆಗೆ ಫೋನಿನ ಪಕ್ಕದಲ್ಲೇ ನಿಂತಿರುತ್ತೇನೆ.