ಕರಗಿದ ಕಸದ ಡಬ್ಬ

ಪ್ರಿಶ್ಟಿನಾ, 4 ಡಿಸೆಂಬರ್ 2003

ಪ್ರೀತಿಯ ಅಕ್ಕಾ,

ಸಾರಿ, ಇದು ಕಾರ್ಡಿನಲ್ಲಿ ಬರೆಯುವ ವಿಷಯವಲ್ಲ, ಆದರೆ ಫೋನಿನಲ್ಲಿ ಹೇಳಹೋದರೆ ಅಳು ಬರುತ್ತದೆ. ಯುದ್ಧ ಮುಗಿದು ನಾಲ್ಕು ವರ್ಷವಾದ ಮೇಲೆ, ಹೋದ ತಿಂಗಳಷ್ಟೇ ನಮ್ಮ ಬೀದಿಗೆ ಎದೆಯೆತ್ತರದ ಹಸಿರು ಪ್ಲಾಸ್ಟಿಕ್ ಕಸದ ಡಬ್ಬ ಬಂದಿತ್ತು. ಸೋಮವಾರ ಬೆಳಿಗ್ಗೆ ಒಲೆಯ ಬೂದಿಯನ್ನು ನಾನು ಅದರಲ್ಲಿ ಸುರಿದೆ. ಊರಲ್ಲಿ ನೀನು ಕಬ್ಬಿಣದ ಪೀಪಾಯಿಗೆ ಸುರಿಯುತ್ತೀಯಲ್ಲ, ಹಾಗೆ. ಹಾಸ್ಟೆಲಿನಲ್ಲಿ ಬೆಳೆದವಳಿಗೆ ಬೂದಿಯೊಳಗೆ ಕೆಂಡ ಉಳಿದಿರುತ್ತದೆಂದು ಹೊಳೆಯಲೇ ಇಲ್ಲ. ಕ್ಲಾಸ್ ಮುಗಿಸಿ ಬರುವಷ್ಟರಲ್ಲಿ ಡಬ್ಬ ಕರಗಿ ರಸ್ತೆಗೆ ಅಂಟಿಕೊಂಡಿತ್ತು.

ಮನೆ ಓನರ್ ಹತೀಜೆ ಆಂಟಿ, ಖಾಲಿ ಕ್ಯಾನ್ ಆಯುವ ನೆಜೀರ್ ತಾತನನ್ನು ತಡೆದು ನಿಲ್ಲಿಸಿದ್ದರು.

“ಡಬ್ಬ ತಾನೇ ಬೆಂಕಿ ಹಚ್ಕೊಳ್ತಾ? ನಿನ್ ಸಿಗರೇಟೇ ಬಿದ್ದಿರೋದು!”

“ಸಿಗರೇಟು ಬಿಟ್ಟು ಹತ್ತು ವರ್ಷ ಆಯ್ತಮ್ಮಾ. ನಂಗೆ ಊಟ ಹಾಕೋ ಡಬ್ಬಾನ ನಾನೇ ಸುಡ್ತೀನಾ?”

ಯಾರೂ ಕೇಳಲಿಲ್ಲ. ಇನ್ನು ಈ ಬೀದಿಗೆ ಕಾಲಿಡಬೇಡ ಎಂದು ಬೀದಿಯವರೆಲ್ಲ ಸೇರಿ ತಾತನ ತಳ್ಳುಗಾಡಿಯನ್ನು ಆಚೆ ನೂಕಿದರು. ನಾನು ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ ಅಕ್ಕಾ. ಮೂರು ದಿನದಿಂದ ಅವರ ಸುಳಿವಿಲ್ಲ. ಕಸ ಮತ್ತೆ ರಸ್ತೆಯಲ್ಲೇ ರಾಶಿ ಬೀಳುತ್ತಿದೆ, ಅದನ್ನು ಸುಡುವ ಹೊಗೆಗೆ ನನಗೆ ಕೆಮ್ಮು ಹಿಡಿದಿದೆ, ಜ್ವರವೇನಿಲ್ಲ.

ಇವತ್ತು ಸಂಜೆ ಆಂಟಿಗೆ ನಿಜ ಹೇಳಿಬಿಡುತ್ತೇನೆ. ಆಮೇಲೆ ಈ ರೂಮು ಉಳಿಯುವುದು ಡೌಟು. ಅದಕ್ಕೆ ಕಾಲೇಜಿನ ವಿಳಾಸಕ್ಕೇ ಉತ್ತರ ಬರಿ, ಬೇಗ ಬರಿ.

ನಿನ್ನ ಝಾನಾ