ವೈಕುಂಠಕ್ಕೆ ಹೋದವಳು ವಾಪಸ್ ಬಂದಿದ್ದೇನೆ

ಪುಣೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನ ಮಾನ್ಯ ಅಡ್ಮಿನ್ ಅವರೇ,

ನಾನು ಸತ್ತಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಎರಡನೆಯ ಸಾಲು ಓದುವ ಅಭ್ಯಾಸ ತಮ್ಮ ಗುಂಪಿನಲ್ಲಿ ಯಾರಿಗೂ ಇಲ್ಲ. ಈ ಮಾತನ್ನು ನಾನು ಗುಂಪಿನಲ್ಲೇ ಹೇಳಬೇಕಿತ್ತು. ತಾವು ನನ್ನನ್ನು ಮೃತಳೆಂದು ತೆಗೆದುಹಾಕಿರುವುದರಿಂದ ಇಲ್ಲಿನ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯಬೇಕಾಗಿದೆ.

ನಡೆದದ್ದನ್ನು ಓದುಗರಿಗೆ ತಿಳಿಸುತ್ತೇನೆ. ನಾನು ಮಂಡ್ಯದ ಕಡೆಯವಳು. ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ಇಲ್ಲಿ ಮಗಳು ಇಂಪನಾಳ ಜೊತೆಗಿದ್ದೇನೆ. ನಮ್ಮಲ್ಲಿ ವೈಕುಂಠ ಏಕಾದಶಿ ದೊಡ್ಡ ದಿನ. ಕಾತ್ರಜ ದಾಟಿದ ಮೇಲೆ ಸಿಗುವ ಬಾಲಾಜಿ ಗುಡಿಗೆ ಮಗಳು ಕರೆದುಕೊಂಡು ಹೋದಳು. ಅಂದು ಮಾತ್ರ ತೆರೆಯುವ ವೈಕುಂಠದ ಬಾಗಿಲು ದಾಟಿ ಬಂದ ಮೇಲೆ ಅರ್ಚಕರು ಕೊರಳಿಗೆ ತುಳಸಿ ಮಾಲೆ ಹಾಕಿದರು. ಇಂಪನಾ ಫೋಟೋ ತೆಗೆದು ಗುಂಪಿಗೆ ಹಾಕಿ, ಕೆಳಗೆ ಹೀಗೆ ಬರೆದಳು: "ಇವತ್ತು ಬೆಳಿಗ್ಗೆ ಅಮ್ಮ ವೈಕುಂಠದ ಬಾಗಿಲು ದಾಟಿದರು. ಎಲ್ಲರಿಗೂ ಒಳ್ಳೆಯದಾಗಲಿ."

ಅಯ್ಯೋ ರಾಮ! ನಮಗೇನು ಗೊತ್ತು? ಇಲ್ಲಿ ಹುಟ್ಟಿ ಬೆಳೆದ ಕನ್ನಡಿಗರಿಗೆ ವೈಕುಂಠ ಎಂದರೆ ವಿಷ್ಣುವಿನ ಮನೆಯಲ್ಲ, ನವಿ ಪೇಟೆಯ ಸ್ಮಶಾನ. "ವೈಕುಂಠಕ್ಕೆ ಒಯ್ದರು" ಎಂದರೆ ಮುಗಿಯಿತು. ಹಿರಿಯರಾದ ಫಕೀರಪ್ಪನವರು ಆ ಒಂದು ಪದವನ್ನೂ ನನ್ನ ಕೊರಳಿನ ಮಾಲೆಯನ್ನೂ ನೋಡಿ "ಭಾವಪೂರ್ಣ ಶ್ರದ್ಧಾಂಜಲಿ" ಎಂದು ಹಾಕಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅವರು ಒಂದು ಪದವನ್ನಾದರೂ ಓದಿದ್ದರು.

ಉಳಿದವರು ಏನು ಓದಿದರು? ಮೇಲಿನವರು ಕೈ ಮುಗಿದದ್ದನ್ನು ನೋಡಿ ಕೆಳಗಿನವರು ಕೈ ಮುಗಿದರು. ಒಬ್ಬರು "ಓಂ ಶಾಂತಿ", ಇನ್ನೊಬ್ಬರು "ಓಂ ಶಂತಿ", ಅದನ್ನೇ ನಕಲು ಮಾಡಿದವರೆಲ್ಲ "ಓಂ ಶಂತಿ". ಸಂಕಪ್ಪ ಎಂಬವರು ಅಭ್ಯಾಸಬಲದಿಂದ ಹಾರ್ದಿಕ ಶುಭಾಶಯ ಕೋರಿದರು. ನಡುವೆ ಸದಾನಂದ ಎಂಬ ಮಹಾಶಯರು ಲೋಣಾವಳಾದ ಕಣಿವೆಯ ಎದುರು ಚಿಕ್ಕಿ ಕಚ್ಚುತ್ತ ನಿಂತ ತಮ್ಮ ಫೋಟೋ ಹಾಕಿ, "ಯಾರಿಗೆ ಎಷ್ಟು ಪ್ಯಾಕೆಟ್ ಬೇಕು ತಿಳಿಸ್ರಿ" ಎಂದರು. ಅದಕ್ಕೂ ಒಬ್ಬರು ಓಂ ಶಾಂತಿ ಹೇಳಿದರು.

ಬೆಳಗಾದರೆ ಗುಲಾಬಿ ಹೂವು, ಗುಲಾಬಿಯ ಮೇಲೆ ನೀತಿವಾಕ್ಯ, ಕಿಡ್ನಿ ಕಲ್ಲಿಗೆ ನಿಂಬೆರಸ, ಹತ್ತು ಜನಕ್ಕೆ ಕಳಿಸದಿದ್ದರೆ ಕೇಡು ಎನ್ನುವ ದೇವರು. ಇವನ್ನೆಲ್ಲ ನಾನು ಇಷ್ಟು ಕಾಲ ಸಹಿಸಿಕೊಂಡೇ ಬಂದೆ. ಒಂಟಿಯಾಗಿ ಕೂತ ಮಧ್ಯಾಹ್ನಗಳಲ್ಲಿ, ನಿಜ ಹೇಳುತ್ತೇನೆ, ಆ ಗುಲಾಬಿಯೂ ಬೇಕೆನಿಸುತ್ತಿತ್ತು. ಆದರೆ ಓದದೆಯೇ ದುಃಖಪಡುವ ಈ ವಿದ್ಯೆಯನ್ನು ಎಲ್ಲಿ ಕಲಿತಿರಿ ಸ್ವಾಮಿ? ನಮ್ಮ ಅಂಚೆ ಕಚೇರಿಯಲ್ಲಿ "ವಿಳಾಸದಾರರು ಮೃತರು" ಎಂದು ಕಾಗದದ ಮೇಲೆ ಬರೆಯಬೇಕಾದರೆ ಪೋಸ್ಟ್‌ಮ್ಯಾನ್ ಆ ಮನೆಯ ಬಾಗಿಲಿಗೆ ಹೋಗಿ ಕೇಳಿ ಬರಬೇಕಿತ್ತು.

ಇಂಪನಾ ರಾಂಜಣಗಾಂವದ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿಯ ಕೆಲಸವನ್ನು ನಡುವೆ ನಿಲ್ಲಿಸಿ ಟೈಪ್ ಮಾಡಿದಳು: "ಅಮ್ಮ ಎಲ್ಲೂ ಹೋಗಿಲ್ಲ, ಮನೆಯಲ್ಲೇ ಇದಾರೆ." ಬಂದ ಉತ್ತರ ಕೇಳಿ: "ಹೌದ್ರಿ ತಂಗಿ, ತಾಯಿ ಅನ್ನಾಕಿ ಎಲ್ಲಿಗೂ ಹೋಗಂಗಿಲ್ಲ. ನಿಮ್ಮ ಮನಸಿನ್ಯಾಗ ಸದಾ ಇರ್ತಾರ."

ಕೊನೆಗೆ ನಾನೇ ಕನ್ನಡಕ ಏರಿಸಿಕೊಂಡು, "ನಾನು ಅನ್ನಪೂರ್ಣಮ್ಮ. ಬದುಕಿದ್ದೇನೆ. ಈಗ ತಾನೇ ಕಾಫಿ ಕುಡಿದೆ" ಎಂದು ಬರೆದೆ. ಕೂಡಲೇ ಎಚ್ಚರಿಕೆ ಹೊರಟಿತು: "ಸತ್ತವರ ನಂಬರಿನಿಂದ ಮೆಸೇಜ್ ಬರಾಕತ್ತಾವ. ಫೋನ್ ಹ್ಯಾಕ್ ಆಗೇದ. ಯಾರೂ ಲಿಂಕ್ ಒತ್ತಬ್ಯಾಡ್ರಿ." ನಾನು ಯಾವ ಲಿಂಕ್ ಕಳಿಸಿದ್ದೆ? ಗುಂಪು ಕಟ್ಟಿದಂದಿನಿಂದ ಯಾವ ಜಗಳಕ್ಕೂ ಬಾಯಿ ಬಿಡದ ತಾವು ಅಂದು ಮಾತ್ರ ಮಿಂಚಿನಂತೆ ಕ್ರಮ ಕೈಗೊಂಡಿರಿ. ನನ್ನನ್ನು ಹೊರಹಾಕಿದಿರಿ.

ಮಗಳು ಮನೆಗೆ ಬಂದವಳೇ ತಮಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು. ತಾವು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: "ನೀವು ಅದೀರಿ ಅಂತ ನಾ ಒಪ್ಪತೀನ್ರಿ ಮೇಡಂ. ಆದ್ರ ಈಗ ಗ್ರೂಪಿನ್ಯಾಗ ಹೆಂಗ ಹೇಳ್ಲಿ? ಸಂತಾಪ ಹೇಳಿದವ್ರಿಗೆಲ್ಲಾ ಭಾಳ ಮುಜುಗರ ಆಗ್ತದ್ರಿ. ಸ್ವಲ್ಪ ದಿನಾ ತಡೀರಿ." ಅಂದರೆ ಅವರ ಮಾನ ಉಳಿಯಲು ನಾನು ಇನ್ನೂ ಸ್ವಲ್ಪ ದಿನ ಸತ್ತಿರಬೇಕು! ಎಷ್ಟು ದಿನ ಎಂದು ಕೇಳುವಷ್ಟರಲ್ಲಿ ತಾವು ಫೋನ್ ಇಟ್ಟಿದ್ದಿರಿ.

ಮರುದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆಗೆದರೆ ಕಾತ್ರಜದ ಚನ್ನಬಸವ್ವ. ಸಂಘದ ಅರಿಶಿನ ಕುಂಕುಮದಲ್ಲಿ ಪರಿಚಯವಾದ ಗೆಳತಿ. ಅವಳಿಗೆ ಓದಲು ಬಾರದು, ಮೊಮ್ಮಗಳು ಮೆಸೇಜ್ ಓದಿ ಹೇಳಿದ್ದಳು. ಮಂಡಿ ನೋವಿನ ಹೆಂಗಸು, ಬಸ್ಸು ಬದಲಿಸಿಕೊಂಡು ಊರಿನ ಆ ತುದಿಯಿಂದ ಅಳುತ್ತ ಬಂದಿದ್ದಾಳೆ. ನನ್ನನ್ನು ಕಂಡವಳೇ ಹೊಸ್ತಿಲ ಮೇಲೆ ಕುಸಿದು ಕೂತಳು. ನಾನೂ ಪಕ್ಕದಲ್ಲಿ ಕೂತೆ. ನೀರು ಕುಡಿಸಿದ ಮೇಲೆ ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದಳು.

"ಸೂತಕದ ಮನ್ಯಾಗ ಒಲಿ ಹಚ್ಚಿರಂಗಿಲ್ಲ, ನಿನ್ನ ಮಗಳು ಉಪಾಸ ಇರ್ತಾಳಂತ ರೊಟ್ಟಿ ಬಡಕೊಂಡು ಬಂದೀನಿ. ನೀನ ಬಂದು ಬಾಗಲಾ ತಗೀತೀ ಅಲ್ಲ!"

ಡಬ್ಬಿಯಲ್ಲಿ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ ಇತ್ತು. ನನ್ನ ಸಾವಿನ ರೊಟ್ಟಿಯನ್ನು ನಾನೇ ತಿಂದೆ. ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು. ಸಂಜೆ ನಾನೇ ಹೋಗಿ ಅವಳನ್ನು ಬಸ್ಸು ಹತ್ತಿಸಿ ಬಂದೆ.

ಆ ರಾಶಿ ರಾಶಿ ಓಂ ಶಾಂತಿಯವರಲ್ಲಿ ಒಬ್ಬರಾದರೂ ಮಗಳಿಗೆ ಫೋನ್ ಮಾಡಿ "ಏನಾಯಿತಮ್ಮ?" ಎಂದು ಕೇಳಲಿಲ್ಲ. ನಮ್ಮದೇ ಬೀದಿಯಲ್ಲಿರುವವರು ಕೂಡ ಬರಲಿಲ್ಲ. ಕೈ ಮುಗಿದದ್ದಾಯಿತಲ್ಲ, ಇನ್ನೇಕೆ ಬರಬೇಕು? ನನಗೆ ನೋವಾದದ್ದು ಇಲ್ಲಿ. ಈ ಊರಿನಲ್ಲಿ ಇಂಪನಾಳಿಗೆ ನನ್ನನ್ನು ಬಿಟ್ಟರೆ ಇರುವುದು ಈ ಗುಂಪಷ್ಟೇ ಎಂದು ನಾನು ನಂಬಿದ್ದೆ. ಆ ನಂಬಿಕೆಯ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನನ್ನನ್ನು ಗುಂಪಿಗೆ ಸೇರಿಸುವುದು ಬಿಡುವುದು ತಮಗೆ ಸೇರಿದ್ದು. ಆದರೆ "ಅನ್ನಪೂರ್ಣಮ್ಮ ಬದುಕಿದ್ದಾರೆ, ನಾವು ಓದದೆ ತಪ್ಪು ಮಾಡಿದೆವು" ಎಂದು ತಾವು ಗುಂಪಿನಲ್ಲಿ ಬರೆಯಲೇಬೇಕು. ಹೂವು ಬೇಡ, ಮುಗಿದ ಕೈ ಬೇಡ, ಅಕ್ಷರದಲ್ಲಿ ಬರೆಯಿರಿ. ಯಾರಿಗೆ ಮುಜುಗರವಾದರೂ ಆಗಲಿ. ಇದು ನನ್ನ ಹಟವಲ್ಲ. ನನಗೂ ವಯಸ್ಸಾಗಿದೆ. ಒಂದು ದಿನ ನನ್ನ ಮಗಳು ಒಬ್ಬಳೇ ಕೂತು, "ಅಮ್ಮ ಹೋದರು" ಎಂದು ನಿಮ್ಮ ಗುಂಪಿನಲ್ಲಿ ಬರೆಯುತ್ತಾಳೆ. ಅಂದು ನಿಮ್ಮವರು ಅದನ್ನು ಹಳೆಯ ಮೆಸೇಜ್ ಎಂದುಕೊಂಡು ಬೆರಳಿನಿಂದ ಮೇಲಕ್ಕೆ ತಳ್ಳಿಬಿಟ್ಟರೆ, ಅವಳ ಬಾಗಿಲಿಗೆ ಯಾರು ಬರುತ್ತಾರೆ?

ಇಂತಿ,
ಬಂದಿರುವ ಓಂ ಶಾಂತಿಗಳನ್ನೆಲ್ಲ ಹಿಂದಿರುಗಿಸಲು ಸಿದ್ಧಳಾಗಿರುವ,
ಸದ್ಯಕ್ಕೆ ಮನೆಯಲ್ಲೇ ಇರುವ
ಅನ್ನಪೂರ್ಣಮ್ಮ