ಅಪ್ಪನ ರಬ್ಬರ್ ಕೈಗವಸು

ಅಪ್ಪಾ,

ಕಯೋಟಿ ತೋಳಗಳು ಈ ವಾರ ಮೂರನೆಯ ಕುರಿಮರಿಯನ್ನು ಎಳೆದೊಯ್ದವು. ಅದಕ್ಕೇ ಇವತ್ತು ಕೊಟ್ಟಿಗೆಯ ಹಿಂದೆ ನಿನ್ನ ಹಂಡೆಯನ್ನು ಒಲೆಗೇರಿಸಿದೆ. ತಂತಿಯ ಉರುಳುಗಳನ್ನು ಮೊದಲು ಬಟ್ಟೆ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಎಣ್ಣೆ, ಹೊಳಪು ತೆಗೆದೆ. ಆಮೇಲೆ ಸ್ಪ್ರೂಸ್ ತೊಗಟೆಯ ಕಷಾಯದಲ್ಲಿ ಕಪ್ಪಾಗುವತನಕ ಕುದಿಸಿದೆ. ನೀನು ಹೋಗಿ ಎರಡು ಚಳಿಗಾಲ ಕಳೆದರೂ ನಿನ್ನ ರಬ್ಬರ್ ಕೈಗವಸು ನನ್ನ ಕೈಗೆ ದೊಡ್ಡದೇ.

ಉರುಳುಗಳನ್ನು ಒಣಗಲು ಮರಕ್ಕೆ ತೂಗುಹಾಕುತ್ತಿದ್ದಾಗ ನನ್ನ ಗಂಡ ಓರೆಸ್ಟ್ ಟೀ ತಂದ. ನನ್ನ ಕೂದಲಲ್ಲಿ ಸಿಕ್ಕಿದ್ದ ತೊಗಟೆಯ ಚೂರು ತೆಗೆಯಲು ಕೈ ಚಾಚಿದ.

"ಮುಟ್ಟಬೇಡ! ಉರುಳಿಗೆ ಮನುಷ್ಯರ ವಾಸನೆ ಹತ್ತಿದ್ರೆ ಕಯೋಟಿ ಹತ್ತಿರ ಸುಳಿಯಲ್ಲ!" ಎಂದು ಕಿರುಚಿದೆ.

"ಹದಿನೆಂಟು ವರ್ಷ ಸಂಸಾರ ಮಾಡಿದೀಯ, ಈಗ ನಾತ ಬಂತಾ?" ಎಂದು ನಕ್ಕ. ನಾನು ನಗಲಿಲ್ಲ.

"ಥೇಟ್ ನಿಮ್ಮಪ್ಪ ಕಣೇ ನೀನು," ಎಂದವನೇ ಟೀ ಲೋಟವನ್ನು ಕೊರಡಿನ ಮೇಲಿಟ್ಟು ಹೊರಟುಹೋದ.

ಏಳು ವರ್ಷದವಳಿದ್ದಾಗ ನಿನ್ನ ಕಾಲು ತಬ್ಬಲು ಓಡಿಬಂದವಳಿಗೆ ನೀನು ಕಿರುಚಿದ್ದೂ ಅದೇ ಮಾತು, "ಮುಟ್ಟಬೇಡ!" ಆ ಚಳಿಗಾಲ ಮುಗಿಯುವತನಕ ನಾನು ನಿನ್ನ ಹತ್ತಿರ ಬರಲಿಲ್ಲ. ಆಮೇಲೆ ಬೇಸಿಗೆಯಲ್ಲೂ ಬರಲಿಲ್ಲ.

ಆಸ್ಪತ್ರೆಯಲ್ಲಿ ಆ ಕೊನೆಯ ಮಂಗಳವಾರ ನೀನು ಹಾಸಿಗೆಯಿಂದ ಕೈ ಚಾಚಿದೆ. ನಾನು ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು, "ಉರುಳು ಒಣಗೋಕೆ ಹಾಕಿದೀನಿ ಅಪ್ಪಾ, ಹೋಗ್ಬೇಕು," ಎಂದೆ. ಸರಿ ಎಂಬಂತೆ ನೀನು ತಲೆಯಾಡಿಸಿದೆ.

ಈ ಕಾಗದವನ್ನು ಬರಿಗೈಯಲ್ಲಿ ಬರೆಯುತ್ತಿದ್ದೇನೆ. ಟೀ ಆರಿಹೋಗಿದೆ. ಓರೆಸ್ಟ್ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಇತ್ತಲೇ ನೋಡುತ್ತಿದ್ದಾನೆ. ಹಂಡೆಯಲ್ಲಿ ಇನ್ನಷ್ಟು ಉರುಳುಗಳು ಕುದಿಯುತ್ತಿವೆ. ಕೈ ತೊಳೆದು ನಿನ್ನ ಕೈಗವಸು ಹಾಕಿಕೊಳ್ಳಬೇಕು.